ಲೈನ್ ಟ್ರಿಪ್ ಆದಾಗ ಟವರ್ ನಂಬರ್ ಹೇಳೋದು ಹೇಗೆ? ಟ್ರಾವೆಲಿಂಗ್ ವೇವ್ ರೆಕಾರ್ಡ್ ಓದುವ ಬಗ್ಗೆ ಚರ್ಚೆ

ರಿಲೇ ಪ್ಯಾನೆಲ್

ಎಲ್ಲರಿಗೂ ನಮಸ್ಕಾರ. 220 ಮತ್ತು 400 ಕೆವಿ ಲೈನ್‌ಗಳ ಪ್ರೊಟೆಕ್ಷನ್ ಕೆಲಸ ನನ್ನದು. ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾಯ್ತು ಅಂದರೆ ನಮ್ಮಲ್ಲಿ ದಿನಾ ಕೇಳೋ ಪ್ರಶ್ನೆ ಒಂದೇ: "ಫಾಲ್ಟ್ ಎಲ್ಲಿ?" ಅದಕ್ಕೆ ಸರಿಯಾದ ಉತ್ತರ ಕಿಲೋಮೀಟರ್ ಅಲ್ಲ, ಟವರ್ ನಂಬರ್. ಅಲ್ಲಿಗೆ ತಲುಪೋದು ಹೇಗೆ ಅಂತ ಮಾತಾಡೋಣ ಅಂತ ಈ ಎಳೆ ಶುರು ಮಾಡ್ತಿದ್ದೇನೆ.

ಲೆಕ್ಕಕ್ಕೆ 180 ಕಿ.ಮೀ. ಲೈನ್ ಅಂತಿಟ್ಟುಕೊಳ್ಳಿ. ಟ್ರಿಪ್ ಆದಮೇಲೆ, ಅಂದರೆ ಫಾಲ್ಟಿನಿಂದ ಬ್ರೇಕರ್ ತೆರೆದು ಲೈನ್ ನಿಂತಮೇಲೆ, ಈ ಕಡೆಯ ಡಿಸ್ಟೆನ್ಸ್ ರಿಲೇ (ಫಾಲ್ಟಿನ ದೂರ ಅಂದಾಜು ಮಾಡೋ ರಕ್ಷಣಾ ಉಪಕರಣ) 62.4 ಕಿ.ಮೀ. ಅನ್ನುತ್ತೆ, ಆ ಕಡೆಯದು 109 ಅನ್ನುತ್ತೆ. ಕೂಡಿಸಿದರೆ 171.4. ಉಳಿದ 8.6 ಕಿ.ಮೀ. ಲೆಕ್ಕಕ್ಕೇ ಸಿಗಲ್ಲ. 380 ಮೀಟರಿಗೊಂದು ಟವರ್ ಅಂದರೂ ಸುಮಾರು 23 ಟವರ್ ಆಯ್ತು. ಬಯಲುಸೀಮೆಯಲ್ಲಾದರೆ ಜೀಪಿನಲ್ಲೇ ಹೋಗಿ ನೋಡಬಹುದು. ಘಟ್ಟದಲ್ಲಿ ಒಂದು ಟವರಿನಿಂದ ಇನ್ನೊಂದಕ್ಕೆ ಹಳ್ಳ ಇಳಿದು ಗುಡ್ಡ ಹತ್ತಬೇಕು, ಮಳೆಯಲ್ಲಿ, ಜಿಗಣೆ ಮಧ್ಯೆ. ಒಂದು ಗ್ಯಾಂಗಿಗೆ ದಿನಕ್ಕೆ ಎಷ್ಟು ಟವರ್ ಆಗುತ್ತೆ ಅನ್ನೋದು ಆ ಕೆಲಸ ಮಾಡಿದವರಿಗೇ ಗೊತ್ತು.

ಇದು ರಿಲೇಯ ದೋಷ ಅಲ್ಲ. ಅದು 50 ಹರ್ಟ್ಸ್ ವೋಲ್ಟೇಜನ್ನ ಕರೆಂಟಿನಿಂದ ಭಾಗಿಸಿ, ಬಂದ ರಿಯಾಕ್ಟೆನ್ಸನ್ನ ಕಿ.ಮೀ.ಗೆ ತಿರುಗಿಸುತ್ತೆ. ಫಾಲ್ಟಿನ ಜಾಗದಲ್ಲಿ ರೆಸಿಸ್ಟೆನ್ಸ್ ಇದ್ದು ಲೈನಿನಲ್ಲಿ ಲೋಡ್ ಹರೀತಾ ಇದ್ದರೆ ಲೆಕ್ಕ ಒಂದು ಕಡೆಗೆ ವಾಲುತ್ತೆ. ಅರ್ತ್ ಫಾಲ್ಟ್ ಆದರೆ ಕರೆಂಟ್ ಮಣ್ಣಿನ ಮೂಲಕ ವಾಪಸ್ ಬರಬೇಕು. ಕಪ್ಪು ಮಣ್ಣು, ಕೆಂಪು ಮಣ್ಣು, ಬಂಡೆ, ಒಂದೊಂದರ ಗುಣ ಬೇರೆ. ಆದರೆ ಸೆಟ್ಟಿಂಗಿನಲ್ಲಿ ಇಡೀ ಲೈನಿಗೆ ಈ ನೆಲದ ದಾರಿಯ ಲೆಕ್ಕಕ್ಕೆ ಅಂತ ಒಂದೇ ಜೀರೋ ಸೀಕ್ವೆನ್ಸ್ ಸಂಖ್ಯೆ ಹಾಕಿರ್ತೀವಿ. ಡಬಲ್ ಸರ್ಕ್ಯೂಟ್ ಟವರಾದರೆ ಪಕ್ಕದ ಸರ್ಕ್ಯೂಟಿನ ಪ್ರಭಾವವೂ ಸೇರಿಕೊಳ್ಳುತ್ತೆ. ಶೇಕಡಾ 2 ರಿಂದ 5 ತಪ್ಪೋದು ಈ ವಿಧಾನದಲ್ಲಿ ಮಾಮೂಲು.

ಟ್ರಾವೆಲಿಂಗ್ ವೇವ್ ವಿಧಾನಕ್ಕೆ ರೆಸಿಸ್ಟೆನ್ಸೂ ಬೇಡ, ರಿಯಾಕ್ಟೆನ್ಸೂ ಬೇಡ, ಅದಕ್ಕೆ ಬೇಕಿರೋದು ಸಮಯ ಮಾತ್ರ. ಇನ್ಸುಲೇಟರ್ ಫ್ಲಾಶ್ ಆದ, ಅಂದರೆ ಅದರ ಮೇಲೆ ಕಿಡಿ ಹಾರಿದ ಕ್ಷಣ ಆ ಜಾಗದ ವೋಲ್ಟೇಜ್ ತಟ್ಟನೆ ಕುಸಿಯುತ್ತೆ. ಆ ಕುಸಿತ ಎರಡೂ ದಿಕ್ಕಿಗೆ ತಂತಿಗುಂಟ ಓಡುತ್ತೆ. ಓವರ್‌ಹೆಡ್ ಲೈನಿನಲ್ಲಿ ಅದರ ವೇಗ ಬೆಳಕಿನ ವೇಗದ ಸುಮಾರು ಶೇಕಡಾ 98, ಅಂದರೆ ಒಂದು ಮೈಕ್ರೋಸೆಕೆಂಡಿಗೆ 294 ಮೀಟರ್. ಎರಡೂ ಸ್ಟೇಷನ್‌ಗಳಲ್ಲಿ ಜಿಪಿಎಸ್ ಗಡಿಯಾರಕ್ಕೆ ಕೂಡಿಸಿದ ರೆಕಾರ್ಡರ್ ಇದ್ದರೆ ಅಲೆ ಎಲ್ಲಿ ಎಷ್ಟೊತ್ತಿಗೆ ಮುಟ್ಟಿತು ಅನ್ನೋದು ಸಿಗುತ್ತೆ. ಮೇಲಿನ ಉದಾಹರಣೆಯಲ್ಲಿ ನಮ್ಮ ಕಡೆ 161 ಮೈಕ್ರೋಸೆಕೆಂಡ್ ಮೊದಲು ಮುಟ್ಟಿದೆ ಅನ್ನಿ. 161 × 0.294 = 47.33 ಕಿ.ಮೀ. ಇದನ್ನ 180ರಲ್ಲಿ ಕಳೆದು ಅರ್ಧ ಮಾಡಿದರೆ 66.33 ಕಿ.ಮೀ. ಹತ್ತಿರ ಹತ್ತಿರ 175ನೇ ಟವರ್. ಗ್ಯಾಂಗಿಗೆ 174, 175, 176 ನೋಡಿ ಬನ್ನಿ ಅಂದರೆ ಸಾಕು.

ಸೂತ್ರ ಇಷ್ಟೇ. ಆದರೆ ಪೆಟ್ಟಿಗೆ ಕೂರಿಸಿದ ಮಾತ್ರಕ್ಕೆ ಟವರ್ ನಂಬರ್ ಬರಲ್ಲ. ಲೈನಿನ ಲೆಕ್ಕಪತ್ರ ಸರಿ ಇಲ್ಲದಿದ್ದರೆ ಅತಿ ನಿಖರವಾದ ಗಡಿಯಾರವೂ ತಪ್ಪು ಟವರನ್ನೇ ತೋರಿಸುತ್ತೆ. ಅದನ್ನ ಮುಂದೆ ಬರೀತೀನಿ. ಮೊದಲು ನಿಮ್ಮ ಅನುಭವ ಹೇಳಿ.

ಕೊಲಂಬಿಯಾ ದಂಡೆ

ಮೇಡಂ, ನಾನು ಅಮೆರಿಕದ ವಾಯವ್ಯ ಭಾಗದಲ್ಲಿ ಇದೇ ಕೆಲಸದಲ್ಲಿದ್ದೀನಿ, ಊರು ಶಿವಮೊಗ್ಗ. ಈ ವಿಧಾನ ಬೆಳೆದ ಜಾಗಗಳಲ್ಲಿ ಇಲ್ಲಿನ ಬಾನ್‌ವಿಲ್ ಪವರ್ ಅಡ್ಮಿನಿಸ್ಟ್ರೇಷನ್ ಮುಖ್ಯವಾದದ್ದು. ಕೊಲಂಬಿಯಾ ನದಿಯ ಅಣೆಕಟ್ಟುಗಳ ವಿದ್ಯುತ್ ಹಂಚೋಕೆ 1937ರಲ್ಲಿ ಹುಟ್ಟಿದ ಸಂಸ್ಥೆ. ಅದರ ಉದ್ದುದ್ದ ಲೈನ್‌ಗಳು ಕ್ಯಾಸ್ಕೇಡ್ ಬೆಟ್ಟಗಳ ಮೇಲೆ, ಕಾಡಿನ ಒಳಗೆ, ಹಿಮದಲ್ಲಿ ಹಾದುಹೋಗುತ್ತವೆ. ನಡೆದು ಹುಡುಕೋದು ಅಂದರೆ ಇಲ್ಲೂ ಕಷ್ಟವೇ.

ಎರಡನೇ ಮಹಾಯುದ್ಧದ ರೇಡಾರ್ ತಂತ್ರ ಕೈಗೆ ಸಿಕ್ಕ ಮೇಲೆ ಇದನ್ನ ಲೈನ್‌ಗಳಿಗೆ ಬಳಸೋ ಯೋಚನೆ ಜೋರಾಯ್ತು. ಜಿಪಿಎಸ್ ಇಲ್ಲದ ಕಾಲದಲ್ಲಿ ಒಂದು ತುದಿಗೆ ಅಲೆ ಮುಟ್ಟಿದ ಸುದ್ದಿಯನ್ನ ಇನ್ನೊಂದು ತುದಿಗೆ ಮೈಕ್ರೋವೇವ್ ರೇಡಿಯೋದಲ್ಲಿ ಕಳಿಸಿ ಸಮಯ ಹೋಲಿಸಬೇಕಿತ್ತು. ಆ ರೇಡಿಯೋ ದಾರಿಯ ವಿಳಂಬವನ್ನೂ ಕಳೀಬೇಕು. 1995ರಲ್ಲಿ ಜಿಪಿಎಸ್ ಪೂರ್ತಿಯಾಗಿ ಬಳಕೆಗೆ ಬಂದಮೇಲೆ ಆ ತೊಡಕು ಹೋಯ್ತು.

ನಾನು ಹೊಸಬರಿಗೆ ಯಾವಾಗಲೂ ತೋರಿಸೋದು ಐಡಾಹೋ ರಾಜ್ಯದ ಗೋಶೆನ್–ಡ್ರಮಂಡ್ 161 ಕೆವಿ ಲೈನಿನ ಪ್ರಸಂಗ. ಉದ್ದ ಸುಮಾರು 117 ಕಿ.ಮೀ. 2012ರಲ್ಲಿ ಅದರ ಎರಡೂ ತುದಿಗೆ ಟ್ರಾವೆಲಿಂಗ್ ವೇವ್ ಅಳೆಯೋ ರಿಲೇ ಹಾಕಿ ನೋಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ಗೋಶೆನ್‌ನಿಂದ 110 ಕಿ.ಮೀ. ಹತ್ತಿರ ಫಾಲ್ಟ್ ಆಯ್ತು. ರಿಲೇ ತೋರಿಸಿದ ಜಾಗಕ್ಕೂ ಸಿಬ್ಬಂದಿಗೆ ಒಡೆದ ಇನ್ಸುಲೇಟರ್ ಸಿಕ್ಕ ಜಾಗಕ್ಕೂ ಇದ್ದ ಅಂತರ ಅರ್ಧ ಕಿ.ಮೀ.ಗಿಂತ ಕಡಿಮೆ. ಗಮನಿಸಿ, ಅದು ಸಾಮಾನ್ಯ ಸಿಟಿಯಿಂದಲೇ (ಕರೆಂಟ್ ಅಳೆಯೋ ಟ್ರಾನ್ಸ್‌ಫಾರ್ಮರ್) ತಗೊಂಡ ಸಿಗ್ನಲ್. ಯಾರ್ಡಿನಲ್ಲಿ ವಿಶೇಷ ಸೆನ್ಸಾರ್ ಏನೂ ಹಾಕಿರಲಿಲ್ಲ.

ಎಂಟೆಕ್ ಪವರ್

ಮೇಡಂ, ಸರ್, ನನ್ನದೊಂದು ಸಂದೇಹ. ಈಗಿರುವ ಡಿಆರ್ (ಡಿಸ್ಟರ್ಬೆನ್ಸ್ ರೆಕಾರ್ಡರ್) ಫೈಲಿನಲ್ಲೂ ಸಮಯ ಇರುತ್ತಲ್ಲ? ಎರಡೂ ಕಡೆಯ ಫೈಲ್ ತಗೊಂಡು ಹೋಲಿಸಿದರೆ ಸಾಲದೇ?

ರಿಲೇ ಪ್ಯಾನೆಲ್

ಸಾಲಲ್ಲಮ್ಮ. ಮಾಮೂಲಿ ಡಿಆರ್ ಸೆಕೆಂಡಿಗೆ ಕೆಲವು ಸಾವಿರ ಸ್ಯಾಂಪಲ್ ತಗೊಳ್ಳುತ್ತೆ. 4 ಕಿಲೋಹರ್ಟ್ಸ್ ಅಂದರೆ ಎರಡು ಸ್ಯಾಂಪಲ್ ಮಧ್ಯೆ 250 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಅಲೆ 73 ಕಿ.ಮೀ. ದಾಟಿರುತ್ತೆ. ಟ್ರಾವೆಲಿಂಗ್ ವೇವ್ ರೆಕಾರ್ಡರ್ ಮೆಗಾಹರ್ಟ್ಸ್ ಮಟ್ಟದಲ್ಲಿ ಸ್ಯಾಂಪಲ್ ತಗೊಳ್ಳುತ್ತೆ. 1 ಮೆಗಾಹರ್ಟ್ಸ್ ಆದರೆ ಒಂದು ಸ್ಯಾಂಪಲ್ ಅಂದರೆ ಒಂದು ಮೈಕ್ರೋಸೆಕೆಂಡ್, ಅರ್ಧ ಮಾಡೋದರಿಂದ ಜಾಗದ ಲೆಕ್ಕದಲ್ಲಿ 147 ಮೀಟರ್. ಅಲೆಯ ಮುಂಭಾಗದ ಆಕಾರ ನೋಡಿ ಎರಡು ಸ್ಯಾಂಪಲ್ ನಡುವಿನ ಕ್ಷಣವನ್ನೂ ಅಂದಾಜು ಮಾಡಬಹುದು, ಆಗ ಇನ್ನೂ ಚೊಕ್ಕಟವಾಗುತ್ತೆ.

ಇನ್ನೊಂದು ವಿಷಯ. ವೋಲ್ಟೇಜ್ ಅಳೆಯೋ ಸಿವಿಟಿ ಇಷ್ಟು ಚುರುಕಾದ ಅಲೆಯನ್ನ ಸರಿಯಾಗಿ ದಾಟಿಸಲ್ಲ. ಸಿಟಿ ದಾಟಿಸುತ್ತೆ. ಅದಕ್ಕೇ ಹೆಚ್ಚಿನವರು ಕರೆಂಟ್ ಅಲೆಯನ್ನ ಅಳೆಯೋದು. ಆದರೆ ಬಸ್ಸಿನಲ್ಲಿ (ಸ್ಟೇಷನ್ನಿನ ಲೈನ್‌ಗಳೆಲ್ಲ ಸೇರುವ ವಾಹಕ) ಬೇರೆ ಲೈನ್‌ಗಳೇ ಇಲ್ಲದೆ ಲೈನ್ ನೇರವಾಗಿ ಟ್ರಾನ್ಸ್‌ಫಾರ್ಮರಿಗೆ ಹೋಗಿ ನಿಂತಿದ್ದರೆ ಕರೆಂಟ್ ಅಲೆ ಅಲ್ಲಿ ಬಹುತೇಕ ಕಾಣಿಸೋದೇ ಇಲ್ಲ. ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಇಂಥ ಅಲೆಗೆ ಗೋಡೆ ಇದ್ದ ಹಾಗೆ. ಬಂದದ್ದೂ ತಿರುಗಿದ್ದೂ ಸೇರಿ ಕರೆಂಟ್ ಸೊನ್ನೆ ಆಗುತ್ತೆ, ವೋಲ್ಟೇಜ್ ಎರಡರಷ್ಟಾಗುತ್ತೆ. ನಾಲ್ಕೈದು ಲೈನ್ ಇರೋ ಬಸ್ಸಿನಲ್ಲಿ ಇದು ಉಲ್ಟಾ, ಕರೆಂಟ್ ಅಲೆ ದೊಡ್ಡದಾಗಿ ಸಿಗುತ್ತೆ. ಪೆಟ್ಟಿಗೆ ಖರೀದಿಗೆ ಮೊದಲು ಎರಡೂ ಸ್ಟೇಷನ್‌ಗಳ ಸಿಂಗಲ್ ಲೈನ್ ಡಯಾಗ್ರಾಂ ಎದುರಿಗಿಟ್ಟುಕೊಂಡು ಕೂರಬೇಕು ಅನ್ನೋದು ಇದಕ್ಕೇ.

ಕಬ್ಬಿನ ಸೀಮಿ ಗ್ಯಾಂಗ್

ಮೇಡಮ್ಮಾರ, ನಾ ಬೆಳಗಾಂವಿ ಕಡೆ ಲೈನ್ ಮ್ಯಾಲೆ ಕೆಲಸ ಮಾಡಾಂವ್ರಿ. ಟವರ್ ನಂಬರ್ ಹೇಳ್ತೀವಿ ಅಂದ್ರಲ್ಲ, ಅದು ಭಾಳ ದೊಡ್ಡ ಮಾತ್ರಿ. ಆದ್ರ ಟವರ್ ನಂಬರ್ ಸಿಕ್ಕ ಮ್ಯಾಲೂ ಅಲ್ಲಿ ಏನ್ ನೋಡಬೇಕು ಅನ್ನೂದು ಬ್ಯಾರೆ ಐತಿ.

ನಮ್ಮ ಕಡೆ ಕಬ್ಬು ಕಡದ ಮ್ಯಾಲೆ ಹೊಲದಾಗ ರವದಿ, ಅಂದ್ರ ಒಣ ಎಲಿ, ಸುಡ್ತಾರ್ರಿ. ಲೈನ್ ಕೆಳಗ ಬೆಂಕಿ ಎದ್ದು ಉರಿ, ಹೊಗಿ ಮ್ಯಾಲ ಹೋತು ಅಂದ್ರ ತಂತಿಂದ ನೆಲಕ್ಕೋ, ಇಲ್ಲಾ ತಂತಿಂದ ತಂತಿಗೋ ಫ್ಲಾಶ್ ಆಗ್ತೈತಿ. ಅದು ಟವರ್ ಹತ್ರ ಆಗೂದಿಲ್ರಿ, ಎರಡ ಟವರ್ ನಡುವಿನ ಸ್ಪ್ಯಾನ್‌ನ್ಯಾಗ, ನಟ್ಟನಡು ತಂತಿ ಜೋತು ಬಿದ್ದಲ್ಲಿ ಆಗ್ತೈತಿ. ನಾವು ಹೋಗಿ ಇನ್ಸುಲೇಟರಿನ 23 ಡಿಸ್ಕ್ ಎಲ್ಲಾ ದುರ್ಬೀನ್ ಹಚ್ಚಿ ನೋಡ್ತೀವಿ, ಒಂದೂ ಕಲಿ ಇರೂದಿಲ್ಲ. ಕೆಳಗ ಹೊಲ ಕರ್ರಗ ಆಗಿರ್ತೈತಿ, ಅದ ಸಾಕ್ಷಿ.

ಸಿಡ್ಲು ಬಡದ್ದಾದ್ರ ಬ್ಯಾರೆ. ಡಿಸ್ಕ್ ಮ್ಯಾಲಿನ ಗ್ಲೇಜ್ ಸುಟ್ಟು ಬೆಳ್ಳಗ ಆಗಿರ್ತೈತಿ, ಆರ್ಸಿಂಗ್ ಹಾರ್ನ್ ತುದಿ ಕರಗಿ ಗುಂಡಗ ಮಣಿ ಹಂಗ ನಿಂತಿರ್ತೈತಿ. ಹಕ್ಕಿ ಹಿಕ್ಕಿಯಿಂದ ಆದದ್ದಾದ್ರ ಕ್ರಾಸ್ ಆರ್ಮ್ ಮ್ಯಾಲೆ ಬಿಳಿ ಗೆರಿ ಇಳದಿರ್ತಾವ.

ನನ್ನ ತಕರಾರು ಒಂದೈತಿ. ನಾವು ಹೋಗಿ ನೋಡಿ ಬಂದು ಫೋನ್‌ನ್ಯಾಗ "ಸಿಕ್ತು, ಸರಿ ಮಾಡೀವಿ" ಅಂತೀವಿ. ಲೈನ್ ಚಾರ್ಜ್ ಆಕ್ಕೈತಿ, ಅಲ್ಲಿಗೆ ಮುಗೀತು. ಯಾವ ಟವರ್, ಯಾವ ಫೇಸ್, ಏನ್ ಕಂಡಿತು ಅಂತ ರಿಲೇ ರೂಮ್ ಮಂದಿ ಯಾರೂ ಕೇಳೂದಿಲ್ರಿ.

ರಿಲೇ ಪ್ಯಾನೆಲ್

ಅಣ್ಣಾ, ನೀವು ಕೊನೆಗೆ ಹೇಳಿದ ಮಾತಿನ ಮೇಲೇ ಈ ವಿಧಾನ ನಿಂತಿರೋದು. ಯಾಕೆ ಅಂತ ಬಿಡಿಸಿ ಹೇಳ್ತೀನಿ. ಇದು ಉದ್ದವಾಗುತ್ತೆ, ಸಾವಧಾನವಾಗಿ ಓದಿ.

ಗಡಿಯಾರದ ನಿಖರತೆ ಈಗ ಸಮಸ್ಯೆಯೇ ಅಲ್ಲ. ಒಳ್ಳೆಯ ಜಿಪಿಎಸ್ ಗಡಿಯಾರ 100 ನ್ಯಾನೋಸೆಕೆಂಡ್ ಒಳಗಿರುತ್ತೆ, ಅಂದರೆ ಸುಮಾರು 15 ಮೀಟರ್. ತಪ್ಪು ನುಸುಳೋದು ಬೇರೆ ಕಡೆಯಿಂದ.

ಮೊದಲನೆಯದು ಸಿಟಿಯಿಂದ ಕಂಟ್ರೋಲ್ ರೂಮಿಗೆ ಬರುವ ಕೇಬಲ್. 400 ಕೆವಿ ಯಾರ್ಡ್ ದೊಡ್ಡದು. ಒಂದು ಸ್ಟೇಷನ್ನಿನಲ್ಲಿ ಈ ಕೇಬಲ್ 300 ಮೀಟರ್ ಇರಬಹುದು, ಇನ್ನೊಂದು ಕಡೆ ಬೇ ಪಕ್ಕದಲ್ಲೇ ಕಿಯೋಸ್ಕ್ ಇದ್ದು 80 ಮೀಟರ್ ಇರಬಹುದು. ಕೇಬಲ್ಲಿನಲ್ಲಿ ಸಿಗ್ನಲ್ಲಿಗೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ಬೇಕು. 220 ಮೀಟರ್ ವ್ಯತ್ಯಾಸ ಅಂದರೆ 1.1 ಮೈಕ್ರೋಸೆಕೆಂಡ್. ಜಾಗದಲ್ಲಿ 160 ಮೀಟರ್ ತಪ್ಪು, ಹತ್ತಿರ ಹತ್ತಿರ ಅರ್ಧ ಸ್ಪ್ಯಾನ್. ಜಿಪಿಎಸ್ ಆಂಟೆನಾ ಕೇಬಲ್ಲಿಗೂ ಇದೇ ಲೆಕ್ಕ. ಈ ಉದ್ದಗಳನ್ನ ಕೇಬಲ್ ಷೆಡ್ಯೂಲ್ ನೋಡಿ ಸೆಟ್ಟಿಂಗಿನಲ್ಲಿ ತುಂಬೋಕೆ ಜಾಗ ಇರುತ್ತೆ. ಎಷ್ಟೋ ಕಡೆ ಅದು ಫ್ಯಾಕ್ಟರಿಯಿಂದ ಬಂದ ಸೊನ್ನೆಯಲ್ಲೇ ಉಳಿದಿರುತ್ತೆ.

ಎರಡನೆಯದು ಲೈನಿನ ಉದ್ದ. ಯಾವ ಉದ್ದ ಅನ್ನೋದೇ ಮೊದಲ ಪ್ರಶ್ನೆ. ತಂತಿ ಜೋತು ಬೀಳುತ್ತಲ್ಲ, 400 ಮೀಟರ್ ಸ್ಪ್ಯಾನಿಗೆ 12 ಮೀಟರ್ ಸ್ಯಾಗ್ ಇದ್ದರೆ ತಂತಿಯ ಉದ್ದ ನೆಲದ ಅಳತೆಗಿಂತ ಸುಮಾರು ಒಂದು ಮೀಟರ್ ಹೆಚ್ಚು. 180 ಕಿ.ಮೀ.ಗೆ 430 ಮೀಟರ್ ಆಯ್ತು. ಅಲೆ ಓಡೋದು ತಂತಿಯ ಮೇಲೆ, ಟವರ್ ಷೆಡ್ಯೂಲಿನಲ್ಲಿ (ಟವರ್‌ಗಳ ನಂಬರ್, ದೂರದ ಪಟ್ಟಿ) ಇರೋದು ನೆಲದ ಮೇಲಿನ ಅಳತೆ. ಹಾಗಾಗಿ ನಾನು ವೇಗ, ಉದ್ದ ಎರಡನ್ನೂ ಬೇರೆ ಬೇರೆ ನಂಬಲ್ಲ. ಅಲೆ ಈ ತುದಿಯಿಂದ ಆ ತುದಿಗೆ ಹೋಗೋಕೆ ಬೇಕಾದ ಒಟ್ಟು ಸಮಯ ಅಳೀತೀನಿ. ಫಾಲ್ಟ್ ಒಟ್ಟು ದಾರಿಯ ಶೇಕಡಾ ಎಷ್ಟರಲ್ಲಿದೆ ಅಂತ ಆ ಸಮಯದಿಂದಲೇ ತೆಗೆದು, ಆ ಶೇಕಡಾವಾರನ್ನ ಟವರ್ ಷೆಡ್ಯೂಲಿನ ಮೇಲೆ ಇಡ್ತೀನಿ. ಸ್ಯಾಗ್ ಲೈನಿನುದ್ದಕ್ಕೂ ಹೆಚ್ಚು ಕಡಿಮೆ ಒಂದೇ ಥರ ಇರೋದರಿಂದ ತಾನಾಗೇ ಕಳೆದುಹೋಗುತ್ತೆ.

ಆ ಒಟ್ಟು ಸಮಯ ಅಳೆಯೋಕೆ ಹೊಸ ಉಪಕರಣ ಏನೂ ಬೇಡ. ಶಟ್‌ಡೌನ್ ಮುಗಿಸಿ ಲೈನ್ ಚಾರ್ಜ್ ಮಾಡ್ತೀವಲ್ಲ, ಆ ತುದಿಯ ಬ್ರೇಕರ್ ತೆರೆದಿರುತ್ತೆ, ಈ ತುದಿಯದು ಹಾಕ್ತೀವಿ. ಬ್ರೇಕರ್ ಕೂಡಿದ ಕ್ಷಣ ಹೊರಟ ಅಲೆ ತೆರೆದ ತುದಿಗೆ ಬಡಿದು ವಾಪಸ್ ಬರುತ್ತೆ. ನಮ್ಮ 180 ಕಿ.ಮೀ. ಉದಾಹರಣೆಯಲ್ಲಿ ಹೋಗಿ ಬರೋಕೆ 1224 ಮೈಕ್ರೋಸೆಕೆಂಡ್ ಆಸುಪಾಸು. ಬ್ರೇಕರಿನ ಮೂರು ಪೋಲ್ (ಫೇಸಿಗೊಂದು) ಒಟ್ಟಿಗೆ ಕೂಡಲ್ಲ, ಮೊದಲು ಕೂಡಿದ ಪೋಲಿನ ಅಲೆ ಹಿಡೀಬೇಕು. ಪ್ರತಿ ಚಾರ್ಜಿಂಗ್ ಒಂದು ಪುಕ್ಕಟೆ ಪರೀಕ್ಷೆ. ಇದನ್ನ ಬಿಡೋದು ನನ್ನ ಪ್ರಕಾರ ದೊಡ್ಡ ನಷ್ಟ.

ಮೂರನೆಯದು ಲಿಲೋ. ಮಧ್ಯೆ ಹೊಸ ಸ್ಟೇಷನ್ ಬಂತು ಅಂತ ಹಳೇ ಲೈನನ್ನ ಕತ್ತರಿಸಿ ಒಳಗೆ ತಂದು ಹೊರಗೆ ಒಯ್ದಿರ್ತೀವಿ. ಟವರ್ ನಂಬರ್‌ಗಳು ಹಳೇ ಲೈನಿನವೇ ಉಳೀತವೆ, ನಡುವೆ 175/1, 175/2 ಅಂತ ಹೊಸವು ಸೇರ್ತವೆ. ಹೊಸ ಸ್ಟೇಷನ್ನಿನಿಂದ ಮೊದಲ ಟವರ್ ಯಾವುದು, ಎಷ್ಟು ದೂರ ಅನ್ನೋ ಪಟ್ಟಿ ಯಾರಾದರೂ ಹೊಸದಾಗಿ ಬರೆಯದಿದ್ದರೆ ಅಲೆಯ ಲೆಕ್ಕ ಎಷ್ಟೇ ಸರಿ ಇದ್ದರೂ ಗ್ಯಾಂಗ್ ತಪ್ಪು ಹಳ್ಳಿಗೆ ಹೋಗುತ್ತೆ.

ಇನ್ನು ಅಣ್ಣ ಹೇಳಿದ್ದು. ಲೆಕ್ಕ ಹೇಳಿದ ಜಾಗ, ನಿಜವಾಗಿ ಸಿಕ್ಕ ಜಾಗ, ಎರಡನ್ನೂ ಪಕ್ಕಪಕ್ಕ ಬರೆದಿಟ್ಟರೆ ತಪ್ಪು ಎಲ್ಲಿದೆ ಅಂತ ಪಟ್ಟಿಯೇ ಹೇಳುತ್ತೆ. ಪ್ರತಿ ಸಲ ಒಂದೇ ದಿಕ್ಕಿಗೆ, ಒಂದೇ ಅಳತೆಯಷ್ಟು ತಪ್ತಾ ಇದ್ದರೆ ಅದು ಗಡಿಯಾರ ಅಥವಾ ಕೇಬಲ್ ವಿಳಂಬ. ಲೈನಿನ ನಡುವೆ ಸರಿ ಬಂದು ತುದಿಗಳ ಕಡೆ ಹೋದಂತೆ ಹೆಚ್ಚು ತಪ್ಪಿದರೆ ಒಟ್ಟು ಸಮಯವನ್ನ ತಪ್ಪಾಗಿ ಹಾಕಿದೀವಿ ಅಂತ. ಒಂದು ಜಾಗದಿಂದ ಆಚೆ ಮಾತ್ರ ತಪ್ಪುತ್ತೆ ಅಂದರೆ ಅಲ್ಲಿ ಲೈನ್ ಡೈವರ್ಷನ್ ಆಗಿದ್ದು ಷೆಡ್ಯೂಲಿಗೆ ಸೇರಿಲ್ಲ. ಗ್ಯಾಂಗ್ ಕೊಡೋ ಆ ಒಂದು ಸಾಲಿನ ಮಾಹಿತಿ ಇಲ್ಲದೆ ಇದ್ಯಾವುದೂ ಗೊತ್ತಾಗಲ್ಲ. ಮಳೆಯಲ್ಲಿ ಗುಡ್ಡ ಹತ್ತಿದವರು ತಂದ ಮಾಹಿತಿ ಅದು. ಅದನ್ನ ಫೋನ್ ಮಾತಿನಲ್ಲೇ ಕಳೆದುಹೋಗೋಕೆ ಬಿಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕಪತ್ರ

ಒಂದು ನೇರ ಪ್ರಶ್ನೆ. ಎರಡೂ ತುದಿಗೆ ಪೆಟ್ಟಿಗೆ, ಗಡಿಯಾರ, ಸಂಪರ್ಕ, ಇಷ್ಟೆಲ್ಲ ಖರ್ಚು ಎಲ್ಲ ಲೈನಿಗೂ ಬೇಕಾ? ಒಂದೇ ತುದಿಯಲ್ಲಿ ಅಳೆದು ಹೇಳೋ ವಿಧಾನವೂ ಇದೆ ಅಂತ ಕೇಳಿದ್ದೇನೆ. ಅರ್ಧ ದುಡ್ಡಲ್ಲಿ ಮುಗಿಯುತ್ತಲ್ಲ?

ಕೊಲಂಬಿಯಾ ದಂಡೆ

ಇದೆ ಸರ್. ಬಾವಿಗೆ ಕಲ್ಲು ಹಾಕಿ ಸದ್ದು ಕೇಳಿ ಆಳ ಹೇಳೋ ಹಾಗೆ. ಮೊದಲ ಅಲೆ ಬಸ್ಸಿಗೆ ಬಡಿದು ವಾಪಸ್ ಫಾಲ್ಟಿಗೆ ಹೋಗಿ, ಅಲ್ಲಿಂದ ಮತ್ತೆ ತಿರುಗಿ ಬರುತ್ತೆ. ಎರಡರ ನಡುವಿನ ಸಮಯದಿಂದ ದೂರ ತೆಗೀಬಹುದು. ಜಿಪಿಎಸ್ ಕೂಡ ಬೇಡ.

ತೊಂದರೆ ಏನು ಅಂದರೆ ವಾಪಸ್ ಬರೋದು ಒಂದೇ ಅಲೆ ಅಲ್ಲ. ಮೇಡಂ ಅವರ 180 ಕಿ.ಮೀ. ಲೈನಿನಲ್ಲಿ 66.33 ಕಿ.ಮೀ. ದೂರದ ಫಾಲ್ಟ್ ಆದರೆ ಫಾಲ್ಟಿನಿಂದ ತಿರುಗಿದ್ದು 451 ಮೈಕ್ರೋಸೆಕೆಂಡಿಗೆ ಬರುತ್ತೆ, ಆ ಕಡೆಯ ಬಸ್ಸಿನಿಂದ ತಿರುಗಿದ್ದು 773ಕ್ಕೆ. ಇದು ಸುಲಭ. ಅದೇ ಫಾಲ್ಟ್ 130 ಕಿ.ಮೀ.ನಲ್ಲಿ ಆದರೆ ಆ ಕಡೆಯ ಬಸ್ಸಿನದ್ದೇ 340ಕ್ಕೆ ಮೊದಲು ಬಂದುಬಿಡುತ್ತೆ, ನಿಜವಾದದ್ದು 884ಕ್ಕೆ. ಮೊದಲು ಬಂದದ್ದನ್ನ ಫಾಲ್ಟಿನದ್ದು ಅಂತ ತಿಳಿದರೆ 50 ಕಿ.ಮೀ.ಗೆ ಹೋಗಿ ನಿಲ್ತೀವಿ. ಇದರ ಜೊತೆಗೆ ನಮ್ಮ ಬಸ್ಸಿನ ಹಿಂದಿರೋ ಬೇರೆ ಲೈನ್‌ಗಳ ತುದಿಯಿಂದಲೂ ಅಲೆಗಳು ತಿರುಗಿ ಬರ್ತವೆ. 1930ರ ದಶಕದಲ್ಲಿ ಬ್ಯೂಲಿ ಅನ್ನೋ ಎಂಜಿನಿಯರ್ ಈ ಹೋಗಿಬರೋ ಅಲೆಗಳನ್ನ ಅಡ್ಡಡ್ಡ ಗೆರೆಗಳ ಜಾಲರಿಯಾಗಿ ಬಿಡಿಸೋ ಕ್ರಮ ತಂದರು. ಇವತ್ತಿಗೂ ಕೈಯಲ್ಲಿ ರೆಕಾರ್ಡ್ ಓದುವಾಗ ಮೊದಲು ಅದನ್ನೇ ಬಿಡಿಸೋದು. ನಮ್ಮಲ್ಲಿ ಎರಡು ತುದಿಯ ಲೆಕ್ಕದಿಂದ ಜಾಗ ಗೊತ್ತು ಮಾಡಿ, ಒಂದು ತುದಿಯ ರೆಕಾರ್ಡಿನಲ್ಲಿ ಅದಕ್ಕೆ ಹೊಂದೋ ಅಲೆ ಇದೆಯಾ ಅಂತ ತಾಳೆ ನೋಡ್ತೀವಿ.

ರಿಲೇ ಪ್ಯಾನೆಲ್

ಖರ್ಚಿನ ಮಾತಿಗೆ ನನ್ನ ಉತ್ತರ: ಎಲ್ಲ ಲೈನಿಗೂ ಬೇಡ. 20 ಕಿ.ಮೀ. 66 ಕೆವಿ ಲೈನಿನಲ್ಲಿ ಶೇಕಡಾ 2 ತಪ್ಪಿದರೂ 400 ಮೀಟರ್. ಈಗಿರುವ ರಿಲೇಯೇ ಸಾಕು. ಅಲ್ಲಿ ಟ್ಯಾಪ್‌ಗಳೂ (ನಡುವೆ ಕವಲೊಡೆದ ಲೈನ್‌ಗಳು) ಇರ್ತವೆ, ಒಂದೊಂದು ಟ್ಯಾಪೂ ಅಲೆಯನ್ನ ಒಡೆಯುತ್ತೆ, ರೆಕಾರ್ಡ್ ಗೋಜಲಾಗುತ್ತೆ. ದುಡ್ಡು ಹಾಕಬೇಕಾದದ್ದು ಉದ್ದದ ಲೈನಿಗೆ, ಕಾಡಿನ ಲೈನಿಗೆ, ಸೀರೀಸ್ ಕೆಪಾಸಿಟರ್ ಇರುವ ಲೈನಿಗೆ. ಕೈಗಾದಿಂದ ಗುತ್ತೂರಿಗೆ, ನರೇಂದ್ರಕ್ಕೆ ಬರುವ 400 ಕೆವಿ ಲೈನ್‌ಗಳ ದಾರಿ ನೋಡಿ. ಉಡುಪಿ ಕಡೆಯಿಂದ ಹಾಸನಕ್ಕೆ ಘಟ್ಟ ಹತ್ತುವ ಲೈನ್ ನೋಡಿ. ಕರಾವಳಿಯ ಉತ್ಪಾದನೆಯನ್ನ ಘಟ್ಟದ ಮೇಲೆ ತರೋ ದಾರಿಗಳು ಎಣಿಸಿದಷ್ಟೇ ಇವೆ. ಮಳೆಗಾಲದಲ್ಲಿ ಅಂಥ ದಾರಿಯಲ್ಲಿ ಒಂದು ಸರ್ಕ್ಯೂಟ್ ಹೋದರೆ ಉಳಿದದ್ದರ ಮೇಲೆ ಭಾರ ಬೀಳುತ್ತೆ. ಹುಡುಕೋ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರೋದು ಅಲ್ಲೇ.

ಡಿಸಿ ಲೈನ್

ಎಚ್‌ವಿಡಿಸಿ (ಹೈ ವೋಲ್ಟೇಜ್ ಡಿಸಿ) ಕಡೆಯಿಂದ ಒಂದು ಮಾತು ಸೇರಿಸ್ತೇನೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ ±500 ಕೆವಿ ಲೈನ್ 2003ರಿಂದ ನಡೀತಾ ಇದೆ. ಮೊದಲು 2000 ಮೆಗಾವಾಟ್, ಆಮೇಲೆ 2500. ಉದ್ದ ಸುಮಾರು 1,370 ಕಿ.ಮೀ. ಇಂಥ ಲೈನಿನಲ್ಲಿ 50 ಹರ್ಟ್ಸೇ ಇಲ್ಲ, ರಿಯಾಕ್ಟೆನ್ಸ್ ಲೆಕ್ಕ ಹಾಕೋ ಪ್ರಶ್ನೆಯೇ ಬರಲ್ಲ. ಶೇಕಡಾ 1 ತಪ್ಪಿದರೂ 13.7 ಕಿ.ಮೀ. ಆಗುತ್ತೆ. ಹಾಗಾಗಿ ಎಚ್‌ವಿಡಿಸಿಯಲ್ಲಿ ಟ್ರಾವೆಲಿಂಗ್ ವೇವ್ ಲೊಕೇಟರ್ ಎಷ್ಟೋ ಕಾಲದಿಂದ ರೂಢಿಯಲ್ಲಿದೆ.

ಅನುಕೂಲ ಏನು ಅಂದರೆ ವೋಲ್ಟೇಜ್ ಯಾವಾಗಲೂ ಪೂರ್ತಿ ಇರುತ್ತೆ, ಫಾಲ್ಟ್ ಯಾವ ಕ್ಷಣದಲ್ಲಾದರೂ ದೊಡ್ಡ ಅಲೆಯೇ ಹೊರಡುತ್ತೆ. ಅನನುಕೂಲ ದೂರ. ಒಂದು ತುದಿಯಿಂದ ಇನ್ನೊಂದಕ್ಕೆ 4.6 ಮಿಲಿಸೆಕೆಂಡ್ ಓಡುವಷ್ಟರಲ್ಲಿ ಅಲೆಯ ಚೂಪು ಮುಂಭಾಗ ಸವೆದು ಇಳಿಜಾರಾಗಿರುತ್ತೆ. ಇಳಿಜಾರಿನಲ್ಲಿ "ಮುಟ್ಟಿದ ಕ್ಷಣ" ಯಾವುದು ಅನ್ನೋದೇ ಕಷ್ಟ. ತುದಿಗೆ ಹತ್ತಿರದ ಫಾಲ್ಟಿನಲ್ಲಿ ಒಂದು ಕಡೆ ಚೂಪು, ಇನ್ನೊಂದು ಕಡೆ ಮೊಂಡು ಅಲೆ ಬರುತ್ತೆ, ಎರಡಕ್ಕೂ ಒಂದೇ ಮಾನದಂಡ ಹಾಕಿದರೆ ತಪ್ಪುತ್ತೆ.

ಡಿಸಿಯಲ್ಲಿ ಫಾಲ್ಟ್ ಆದರೆ ಕನ್ವರ್ಟರೇ ಕರೆಂಟನ್ನ ಸೊನ್ನೆಗಿಳಿಸಿ, ಸ್ವಲ್ಪ ಕಾದು, ಮತ್ತೆ ವೋಲ್ಟೇಜ್ ಏರಿಸುತ್ತೆ. ಬಹಳ ಸಲ ಲೈನ್ ನಿಂತುಕೊಳ್ಳುತ್ತೆ, ಯಾರೂ ಹೊರಗೆ ಹೋಗಲ್ಲ. ಆದರೆ ರೆಕಾರ್ಡ್ ಉಳಿದಿರುತ್ತೆ. ಅದೇ ಜಾಗ ಮತ್ತೆ ಮತ್ತೆ ಬರ್ತಾ ಇದ್ದರೆ ಅಲ್ಲಿನ ಇನ್ಸುಲೇಟರ್ ಸ್ಟ್ರಿಂಗ್ ನೋಡಬೇಕು, ಮರ ನೋಡಬೇಕು, ಟವರ್ ಅರ್ಥಿಂಗ್ ಅಳೀಬೇಕು. ಎಸಿ ಲೈನ್‌ಗಳಲ್ಲಿ ಆಟೋ ರೀಕ್ಲೋಸ್ ಆಗಿ, ಅಂದರೆ ಬ್ರೇಕರ್ ತಾನಾಗೇ ಮತ್ತೆ ಕೂಡಿ, ಲೈನ್ ನಿಂತುಕೊಂಡ ಫಾಲ್ಟ್‌ಗಳಿಗೂ ಇದನ್ನೇ ಮಾಡಿ ಅಂತ ನನ್ನ ಸಲಹೆ.

ಎಂಟೆಕ್ ಪವರ್

ಸರ್ ಹೇಳಿದ್ದರಿಂದ ಇನ್ನೊಂದು ಪ್ರಶ್ನೆ. ಎಸಿಯಲ್ಲಿ ವೋಲ್ಟೇಜ್ ಸೊನ್ನೆ ದಾಟುವಾಗ ಫಾಲ್ಟ್ ಆದರೆ ಅಲೆಯೇ ಹೊರಡಲ್ಲ ಅಲ್ವಾ? ಮತ್ತೆ ಮೂರು ಫೇಸಿನ ಅಲೆಗಳಲ್ಲಿ ಯಾವುದನ್ನ ನೋಡೋದು?

ರಿಲೇ ಪ್ಯಾನೆಲ್

ಸರಿಯಾಗಿ ಹಿಡಿದಿದ್ದೀಯ. ಸೊನ್ನೆಯ ಹತ್ತಿರ ಆದರೆ ಅಲೆ ತೀರಾ ಸಣ್ಣದು, ಲೊಕೇಟರ್ ಏನೂ ಹೇಳದೇ ಇರಬಹುದು. ಆದರೆ ಇನ್ಸುಲೇಟರ್ ಸೋಲೋದು ಸಾಮಾನ್ಯವಾಗಿ ವೋಲ್ಟೇಜ್ ಏರಿದ ಹೊತ್ತಿನಲ್ಲೇ, ಆದ್ದರಿಂದ ಇದು ಅಪರೂಪ. ಸಿಡಿಲಿನದ್ದಾದರೆ ಸಿಡಿಲೇ ದೊಡ್ಡ ಅಲೆ ತರುತ್ತೆ. ಆ ಅಪರೂಪಕ್ಕೆ ಅಂತಲೇ ಹಳೇ ರಿಯಾಕ್ಟೆನ್ಸ್ ಲೆಕ್ಕವನ್ನೂ ಜೊತೆಗೆ ಇಟ್ಟುಕೊಳ್ಳೋದು.

ಫೇಸ್ ಬಗ್ಗೆ: ಮೂರೂ ಫೇಸ್ ಒಂದಕ್ಕೊಂದು ತಗುಲಿಕೊಂಡೇ ಇರ್ತವೆ, ಹಾಗಾಗಿ ನೇರವಾಗಿ ನೋಡಬಾರದು. ಈಡಿತ್ ಕ್ಲಾರ್ಕ್ ಹೆಸರಿನ ಟ್ರಾನ್ಸ್‌ಫಾರ್ಮೇಷನ್ ಓದಿರ್ತೀಯಲ್ಲ, ಅದರಿಂದ ಬಿಡಿಸಿದರೆ ತಂತಿಗಳ ನಡುವೆ ಓಡೋ ಅಲೆ ಬೇರೆ, ನೆಲದ ಮೂಲಕ ವಾಪಸಾಗೋ ಅಲೆ ಬೇರೆ ಆಗುತ್ತೆ. ನೆಲದ್ದು ನಿಧಾನ, ಬೇಗ ಸವೆಯುತ್ತೆ. ಮೊದಲನೆಯದನ್ನೇ ನಂಬು. ಅಂದಹಾಗೆ, ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆದ ಮೊದಲ ಮಹಿಳೆ ಅವರು, 1947ರಲ್ಲಿ. ಲೈನ್‌ಗಳ ಲೆಕ್ಕವೇ ಅವರ ಜೀವಮಾನದ ಕೆಲಸ. ನಿನ್ನ ಪ್ರಾಜೆಕ್ಟಿಗೆ ಅವರ ಲೆಕ್ಕದಿಂದಲೇ ಶುರು ಮಾಡು.

ಕೇಬಲ್ ವ್ಯಾನ್

ಬೆಂಗಳೂರಿನಲ್ಲಿ ಈಗ ಎಷ್ಟೋ 66 ಮತ್ತು 220 ಕೆವಿ ದಾರಿಗಳು ಕೇಬಲ್ ಆಗಿವೆ. ಅರ್ಧ ಓವರ್‌ಹೆಡ್, ಅರ್ಧ ಕೇಬಲ್ ಇರುವಲ್ಲಿ ಒಂದೇ ವೇಗ ಹಾಕಿದರೆ ಕೆಡುತ್ತೆ. ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಹೊದಿಕೆಯ) ಕೇಬಲ್ಲಿನಲ್ಲಿ ಅಲೆ ಮೈಕ್ರೋಸೆಕೆಂಡಿಗೆ 170 ಮೀಟರ್ ಆಸುಪಾಸು. 6 ಕಿ.ಮೀ. ಕೇಬಲ್ ದಾಟೋಕೆ 35 ಮೈಕ್ರೋಸೆಕೆಂಡ್ ಬೇಕು, ಅಷ್ಟೇ ಹೊತ್ತಿನಲ್ಲಿ ತಂತಿಯ ಮೇಲೆ 10 ಕಿ.ಮೀ. ಹೋಗಿರುತ್ತೆ. ಇನ್ನು ತಂತಿ ಕೇಬಲ್ಲಿಗೆ ಸೇರುವ ಕಡೆ ಸರ್ಜ್ ಇಂಪೀಡೆನ್ಸ್ (ಓಡೋ ಅಲೆಗೆ ಲೈನ್ ತೋರಿಸೋ ಇಂಪೀಡೆನ್ಸ್) 350 ಓಮ್‌ನಿಂದ 40ಕ್ಕೆ ಇಳಿದರೆ ವೋಲ್ಟೇಜ್ ಅಲೆಯ ಐದನೇ ಒಂದು ಭಾಗ ಮಾತ್ರ ಒಳಗೆ ಹೋಗುತ್ತೆ, ಉಳಿದದ್ದು ಉಲ್ಟಾ ಆಗಿ ವಾಪಸ್.

ಇಲ್ಲಿ ಟವರ್ ನಂಬರಿಗಿಂತ ಮುಖ್ಯವಾದ ಪ್ರಶ್ನೆ ಇದೆ: ಫಾಲ್ಟ್ ತಂತಿಯಲ್ಲೋ, ಕೇಬಲ್ಲಿನಲ್ಲೋ? ತಂತಿಯಲ್ಲಾದರೆ ರೀಕ್ಲೋಸ್ ಮಾಡಬಹುದು. ಕೇಬಲ್ಲಿನಲ್ಲಾದರೆ ಮಾಡಲೇಬಾರದು, ಇನ್ನಷ್ಟು ಸುಡುತ್ತೆ. ತಮಿಳುನಾಡಿನ ಪುಗಳೂರಿನಿಂದ ಕೇರಳದ ತ್ರಿಶ್ಶೂರಿಗೆ ಹೋಗುವ ±320 ಕೆವಿ ಡಿಸಿ ದಾರಿಯಲ್ಲೂ ಒಂದಷ್ಟು ಓವರ್‌ಹೆಡ್, ಒಂದಷ್ಟು ನೆಲದೊಳಗಿನ ಕೇಬಲ್ ಇದೆ. ಮೊದಲು ತೀರ್ಮಾನ ಆಗಬೇಕಾದ್ದು ಅಲ್ಲೂ ಇದೇ.

ಕಬ್ಬಿನ ಸೀಮಿ ಗ್ಯಾಂಗ್

ಮೇಡಮ್ಮಾರ, ನೀವು ಹೇಳಿದ ಆ ಪಟ್ಟಿ ನಮ್ಮ ಕಡೆಯಿಂದ ಶುರು ಮಾಡಾಕ ನಾ ತಯಾರ್ರಿ. ಏನೇನ್ ಬರೀಬೇಕು ಅಂತ ಹೇಳ್ರಿ. ಭಾಳ ಉದ್ದ ಆದ್ರ ಯಾರೂ ತುಂಬೂದಿಲ್ಲ ಮತ್ತ.

ರಿಲೇ ಪ್ಯಾನೆಲ್

ಆರೇ ಕಲಂ ಸಾಕು ಅಣ್ಣಾ. ಟ್ರಿಪ್ ಆದ ದಿನ, ಸಮಯ. ನಾವು ಹೇಳಿದ ಟವರ್. ನಿಮಗೆ ಸಿಕ್ಕ ಟವರ್ ಅಥವಾ ಯಾವ ಎರಡು ಟವರ್ ನಡುವೆ. ಯಾವ ಫೇಸ್. ಏನು ಕಂಡಿತು: ಡಿಸ್ಕ್ ಕಲೆ, ಹಾರ್ನ್ ಕರಗಿದ್ದು, ಹಕ್ಕಿ, ಮರ, ಬೆಂಕಿ. ಕೊನೆಯದು ಫೋಟೋ, ಟವರ್ ನಂಬರ್ ಪ್ಲೇಟ್ ಕಾಣೋ ಹಾಗೆ. ಕೆಳಗಿನ ಮೂರು ನಿಮ್ಮವು, ಮೇಲಿನ ಮೂರರಲ್ಲಿ ಎರಡು ನಮ್ಮ ಕಡೆಯಿಂದಲೇ ತುಂಬಿ ಕಳಿಸ್ತೀವಿ, ಸಿಕ್ಕ ಟವರ್ ಮಾತ್ರ ನೀವು ಬರೀರಿ.

ಏನೂ ಸಿಗಲಿಲ್ಲ ಅಂದರೂ "ಸಿಗಲಿಲ್ಲ, ಇಲ್ಲಿಂದ ಇಲ್ಲಿವರೆಗೆ ನೋಡಿದೆವು" ಅಂತ ಬರೀರಿ. ಅದೂ ಬೇಕು.

ಕಬ್ಬಿನ ಸೀಮಿ ಗ್ಯಾಂಗ್

ಆತ್ರಿ. ಒಂದು ಕಲಂ ನಾ ಹೆಚ್ಚಿಗಿ ಹಾಕ್ತೀನಿ: ಟವರ್ ಕೆಳಗಿನ ಹೊಲದಾಗ ಏನ್ ಬೆಳಿ ಐತಿ ಅಂತ. ಕಬ್ಬಿದ್ರ ಮುಂದಿನ ಹಂಗಾಮಿಗೆ ರವದಿ ಸುಡೂಕಿಂತ ಮೊದಲ ಆ ರೈತಗ ಹೋಗಿ ಹೇಳಬಹುದು.

ರಿಲೇ ಪ್ಯಾನೆಲ್

ಖಂಡಿತ ಹಾಕಿ. ಆ ಕಲಂ ನಮ್ಮ ಹಾಳೆಗೂ ಸೇರಿಸ್ತಾ ಇದ್ದೀನಿ. ಡಿಸಿ ಲೈನ್ ಸರ್, ಮೊಂಡಾದ ಅಲೆಯಲ್ಲಿ ಮುಟ್ಟಿದ ಕ್ಷಣ ಗುರುತಿಸೋಕೆ ನೀವು ಯಾವ ಕ್ರಮ ಬಳಸ್ತೀರಿ ಅಂತ ಬಿಡುವಾದಾಗ ಬರೆದರೆ ಉಪಕಾರ. ಎಂಟೆಕ್ ಹುಡುಗಿಗೂ ಅದು ಬೇಕಾಗುತ್ತೆ.